ಕಚ್ಚಾ ಚೀಟಿ ಕೋರ್ಟಿನಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ಚಡಚಣದಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ಕಳೆದ ತಿಂಗಳು ಝಳಕಿ ರಸ್ತೆಯ ಬದಿಗೆ ನಿಲ್ಲಿಸಿದ್ದ ನನ್ನ ಎಂಟು ವರ್ಷದ ಕಾರನ್ನು ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಉಜ್ಜಿಕೊಂಡು ಹೋಯಿತು. ಎರಡು ಬಾಗಿಲು, ಕನ್ನಡಿ, ಹೆಡ್‌ಲೈಟ್ ಹೋದವು. ಸೊಲ್ಲಾಪುರದ ಗ್ಯಾರೇಜಿನವರು ಮೊದಲು 86,000 ರೂಪಾಯಿ ಅಂದಾಜು ಬರೆದುಕೊಟ್ಟರು; ಕೆಲಸ 61,500ಕ್ಕೆ ಮುಗಿಯಿತು. ಕೈಯಲ್ಲಿರುವುದು ಮರಾಠಿಯ ಕಚ್ಚಾ ಚೀಟಿ. ನನ್ನದು ಥರ್ಡ್ ಪಾರ್ಟಿ ವಿಮೆ ಮಾತ್ರ. ಟ್ರ್ಯಾಕ್ಟರ್ ಮಾಲೀಕರು “ಹತ್ತು ಸಾವಿರ ತಗೋರಿ, ಇಲ್ಲಾಂದ್ರ ಕೋರ್ಟಿಗೆ ಹೋಗ್ರಿ” ಅಂತಾರೆ. ಖರ್ಚನ್ನು ಸಾಬೀತು ಮಾಡುವುದು ಹೇಗೆ?
— ಓದುಗ, ಚಡಚಣ

ಉತ್ತರ: ಮೊದಲು ಆ 86,000ವನ್ನು ಮರೆತುಬಿಡಿ. ಕೆಲಸ ಮುಗಿದು ಹಣ ಕೊಟ್ಟ ಮೇಲೆ ಅಂದಾಜು ಪಟ್ಟಿಗೆ ಬೆಲೆಯಿಲ್ಲ. ‘ಹೆಚ್ಚು ಕೇಳಿದರೆ ಅರ್ಧವಾದರೂ ಸಿಕ್ಕೀತು’ ಎನ್ನುವ ಸಲಹೆಗಾರರು ಪ್ರತಿ ಊರಿನ ಕಟ್ಟೆಯ ಮೇಲೂ ಇರುತ್ತಾರೆ. ಪಾಟೀಸವಾಲಿನಲ್ಲಿ ಎರಡು ಮೊತ್ತಗಳನ್ನು ಎದುರೆದುರು ಹಿಡಿದಾಗ ಉತ್ತರ ಕೊಡಬೇಕಾದವರು ಮಾತ್ರ ನೀವೊಬ್ಬರೇ. ಕೇಳಬೇಕಾದ್ದು 61,500.

ಗ್ಯಾರೇಜಿಗೆ ಇನ್ನೊಮ್ಮೆ ಹೋಗಿ, ಬಿಡಿಭಾಗಕ್ಕೆಷ್ಟು, ಕೂಲಿಗೆಷ್ಟು, ಬಣ್ಣಕ್ಕೆಷ್ಟು ಎಂದು ಬಿಡಿಸಿ ಬರೆದ, ಕಾರಿನ ನಂಬರ್ ಮತ್ತು ಸಹಿ ಇರುವ ಪಕ್ಕಾ ಬಿಲ್ ಕೇಳಿ. ಬಾಗಿಲು, ಹೆಡ್‌ಲೈಟನ್ನು ಅವರು ಬೇರೆ ಅಂಗಡಿಯಿಂದ ತಂದಿದ್ದರೆ ಆ ಬಿಲ್ಲಿನ ಪ್ರತಿಯೂ ಇರಲಿ. ಫೋನ್‌ಪೇಯಲ್ಲಿ ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಬಿಲ್ಲಿಗಿಂತ ಅದನ್ನು ಅಲ್ಲಗಳೆಯುವುದು ಕಷ್ಟ. ಕಿತ್ತು ಹಾಕಿದ ಹಳೆಯ ಬಾಗಿಲು ಗುಜರಿಗೆ ಹೋಗದೆ ಇನ್ನೂ ಅಲ್ಲೇ ಬಿದ್ದಿದ್ದರೆ ತಂದಿಟ್ಟುಕೊಳ್ಳಿ.

ಬಹಳ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಬಿಲ್ಲಿಗೆ ಕೋರ್ಟಿನ ನಿಶಾನೆ ಬಿದ್ದ ಮಾತ್ರಕ್ಕೆ ಅದರೊಳಗಿನ ಲೆಕ್ಕ ರುಜುವಾತಾಗುವುದಿಲ್ಲ. ಎದುರಿನವರು ಒಪ್ಪದಿದ್ದರೆ, ಬಿಲ್ ಬರೆದವರೇ ಬಂದು ‘ಈ ಕೆಲಸ ನಾನೇ ಮಾಡಿದ್ದು, ಇಷ್ಟು ಹಣ ಪಡೆದದ್ದು’ ಎನ್ನಬೇಕು. ಸೊಲ್ಲಾಪುರದವರು ಬರುತ್ತಾರೆಯೇ ಎಂಬ ಚಿಂತೆ ಸಹಜ. ಗಡಿ ದಾಟಿದ ಊರಾದರೂ ನಿಮ್ಮ ಕೇಸು ನಡೆಯುವ ಇಂಡಿಯ ಕೋರ್ಟಿನಿಂದ ನೂರು ಕಿಲೋಮೀಟರಿನ ಒಳಗೇ ಇರುವುದರಿಂದ ಸಮನ್ಸ್ ಕಳಿಸಿ ಕರೆಸಬಹುದು. ಆದರೂ ಮೊದಲು ನೀವೇ ಹೋಗಿ ಸಮಾಧಾನದಿಂದ ಕೇಳಿ, ಬಸ್ ಖರ್ಚು ಕೊಡಿ. ಸಮನ್ಸ್ ಹಿಡಿದು ಸಿಟ್ಟಿನಲ್ಲಿ ಬಂದ ಸಾಕ್ಷಿಯಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಮರಾಠಿ ಚೀಟಿಯ ಜೊತೆ ಕನ್ನಡ ಅನುವಾದವೂ ಇರಲಿ.

ಫೋಟೋಗಳಿದ್ದರೆ ಪ್ರಿಂಟ್ ಹಾಕಿಸಿಕೊಟ್ಟರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಮಹಾರಾಷ್ಟ್ರದ ಜಾಲನಾದ ಚುನಾವಣಾ ತಕರಾರಿನಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಹಳೆಯ ಕಾಯ್ದೆಯ ಕಾಲದಲ್ಲೇ, ಇದನ್ನು ಖಚಿತಪಡಿಸಿದೆ: ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಪ್ರಮಾಣಪತ್ರ ಕಡ್ಡಾಯ. ಹಾಗಾಗಿ ಕೇಸು ಮುಗಿಯುವವರೆಗೆ ಫೋಟೋ ತೆಗೆದ ಮೊಬೈಲನ್ನು ಮಾರಬೇಡಿ.

ಎದುರಿನ ವಕೀಲರು ಸವಕಳಿಯ ಮಾತು ತೆಗೆಯುವುದು ಖಂಡಿತ. ವಿಮೆಯ ಲೆಕ್ಕದಲ್ಲಿ ಐದರಿಂದ ಹತ್ತು ವರ್ಷದ ಗಾಡಿಯ ಲೋಹದ ಭಾಗಕ್ಕೆ 40%, ಪ್ಲಾಸ್ಟಿಕ್‌ಗೆ 50% ಕಡಿತವಿದೆ. ಗಾಜಿಗೂ ಕೂಲಿಗೂ ಇಲ್ಲ. ಅದು ವಿಮಾ ಕಂಪನಿ ತನ್ನದೇ ಗ್ರಾಹಕನ ಜೊತೆ ಮಾಡಿಕೊಂಡ ಲೆಕ್ಕ, ಕೋರ್ಟಿಗೆ ಕಟ್ಟಳೆಯಲ್ಲ. ಆದರೂ ಹಳೆ ಕಾರಿಗೆ ಹೊಸ ಬಾಗಿಲು ಬಂತಲ್ಲ ಎಂಬ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಕೂಲಿಯನ್ನು ಬೇರೆ ಬರೆಸಿ ಎಂದದ್ದು ಇದಕ್ಕೇ.

ಎಲ್ಲಿಗೆ ಹೋಗಬೇಕು? ಲಘು ವ್ಯವಹಾರಗಳ ನ್ಯಾಯಾಲಯದ ಹೆಸರು ಕೇಳಿರಬಹುದು. ನಿಮಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯೇ ವಾಸಿ. ಗಾಯವಾಗದಿದ್ದರೂ, ಆಸ್ತಿ ನಷ್ಟವಷ್ಟೇ ಆಗಿದ್ದರೂ ಮೋಟಾರು ವಾಹನ ಕಾಯ್ದೆಯ 165ನೇ ಕಲಂ ಅಲ್ಲಿಗೆ ದಾರಿ ಕೊಡುತ್ತದೆ. ನಷ್ಟ 2,000 ರೂಪಾಯಿ ದಾಟಿದ್ದರೆ ಸಿವಿಲ್ ಕೋರ್ಟಿನ ಆಯ್ಕೆಯೂ ಉಂಟು, ಆದರೆ ನ್ಯಾಯಮಂಡಳಿಯ ವಿಚಾರಣೆ ಸಂಕ್ಷಿಪ್ತ. ಇಂಡಿಯಲ್ಲೇ ಅರ್ಜಿ ಹಾಕಬಹುದು. ಒಂದೇ ಎಚ್ಚರ: 2022ರ ಏಪ್ರಿಲ್‌ನಿಂದ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಠಾಣೆಯಲ್ಲಿ ದೂರು ಕೊಟ್ಟಿಲ್ಲದಿದ್ದರೆ ಇವತ್ತೇ ಕೊಡಿ, ತಡವಾದ ಕಾರಣವನ್ನೂ ಅದರಲ್ಲೇ ಬರೆಯಿರಿ.

ಟ್ರ್ಯಾಕ್ಟರಿನ ನಂಬರ್ ಹಾಕಿ ಪರಿವಾಹನ್ ತಾಣದಲ್ಲಿ ವಿಮೆ ನೋಡಿ. ಟ್ರೇಲರಿಗೂ ವಿಮೆ ಇದೆಯೇ ಎಂದು ವಕೀಲರಿಂದ ಪರಿಶೀಲನೆ ಮಾಡಿಸಿ. ಕಬ್ಬಿನ ಹಂಗಾಮಿನಲ್ಲಿ ಎಂಜಿನ್ನಿಗೆ ವಿಮೆ ಇದ್ದು ಟ್ರೇಲರಿಗೆ ಇಲ್ಲದಿರುವುದು ಅಪರೂಪವಲ್ಲ. ವಿಮೆ ಇದ್ದರೆ ಕಂಪನಿಯನ್ನೂ ಪ್ರತಿವಾದಿ ಮಾಡಿ. ಇಲ್ಲದಿದ್ದರೆ ಹಣ ಮಾಲೀಕರ ಜೇಬಿನಿಂದಲೇ ಬರಬೇಕು. ಈ ವಿಷಯ ನೀವು ಕಳಿಸುವ ನೋಟಿಸಿನಲ್ಲಿ ಕಂಡರೆ ಅವರ ಧಾಟಿ ಬದಲಾದೀತು.

ಹಾಗೆ ಬದಲಾದರೆ ಲೋಕ ಅದಾಲತ್ತಿನಲ್ಲಿ ಕೂತು ಮಾತಾಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ, ಇಲ್ಲವೇ 15100ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಅದಾಲತ್ತಿನಲ್ಲಿ ಶುಲ್ಕವಿಲ್ಲ, ಆದೇಶದ ಮೇಲೆ ಅಪೀಲೂ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಸವಕಳಿ ಕಳೆದು 45,000ದ ಆಸುಪಾಸಿಗೆ ಒಪ್ಪುತ್ತಿದ್ದೆ. ಅಲ್ಲಿಯವರೆಗೆ ಆ ಹತ್ತು ಸಾವಿರ ತೆಗೆದುಕೊಂಡರೂ ರಸೀದಿಯಲ್ಲಿ ‘ಭಾಗಶಃ’ ಎಂದೇ ಬರೆಯಿರಿ. ‘ಪೂರ್ತಿ ಮುಟ್ಟಿತು, ತಕರಾರಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ.