ತಾನೇ ದಾರಿ ಮಾಡಿಕೊಳ್ಳುವ ಸ್ಕ್ರೂ



ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಹಿಂಬದಿಯ ಶೀಟಿನ ಮಾಡು ಸೋರತೊಡಗಿತು. ಶೀಟು ಹೊಸದು, ಎಲ್ಲಿಯೂ ಒಡಕಿರಲಿಲ್ಲ. ಏಣಿ ಹತ್ತಿ ನೋಡಿದರೆ ನೀರು ಇಳಿಯುತ್ತಿದ್ದುದು ಸ್ಕ್ರೂಗಳ ಬುಡದಿಂದ. ಕೆಲವು ತುಕ್ಕು ಹಿಡಿದಿದ್ದವು. ಇನ್ನು ಕೆಲವನ್ನು ವಿಪರೀತ ಬಿಗಿದಿದ್ದರಿಂದ ಅಡಿಯ ರಬ್ಬರ್ ವಾಷರ್ ಸೀಳಿತ್ತು. ಸಣ್ಣ ಸ್ಕ್ರೂ ಸರಿಯಿಲ್ಲದೆ ಇಡೀ ಮಾಡು ಕೆಟ್ಟಿತ್ತು. ಆ ಸ್ಕ್ರೂವಿನ ಹೆಸರು ‘ಸೆಲ್ಫ್ ಟ್ಯಾಪಿಂಗ್ ಸ್ಕ್ರೂ’. ನಿಮ್ಮ ಪಠ್ಯದ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಅದರಲ್ಲಿ ಅಡಗಿವೆ.

ಏನಿದು?

ಸಾಮಾನ್ಯ ಬೋಲ್ಟಿಗೆ ನಟ್ಟು ಬೇಕು. ಇಲ್ಲವೇ ತೂತಿನ ಒಳಗೆ ‘ಟ್ಯಾಪ್’ ಎಂಬ ಸಾಧನದಿಂದ ಮೊದಲೇ ಥ್ರೆಡ್ ಕೊರೆದಿರಬೇಕು. ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಒಳಗೆ ಹೋಗುತ್ತಲೇ ತನ್ನ ಥ್ರೆಡ್ಡನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕಾಗಿ ಅದು ತಾನು ಹೊಗುವ ವಸ್ತುವಿಗಿಂತ ಗಟ್ಟಿಯಾಗಿರಬೇಕು.

ಮುಖ್ಯ ವಿಧಗಳು

1. ಥ್ರೆಡ್ ಫಾರ್ಮಿಂಗ್: ವಸ್ತುವನ್ನು ಕತ್ತರಿಸದೆ ಪಕ್ಕಕ್ಕೆ ಒತ್ತುತ್ತದೆ. ಪುಡಿ ಬೀಳುವುದಿಲ್ಲ. ಒತ್ತಲ್ಪಟ್ಟ ವಸ್ತು ಹಿಂದಕ್ಕೆ ಬರಲು ಯತ್ನಿಸಿ ಸ್ಕ್ರೂವನ್ನು ಬಿಗಿಯಾಗಿ ಹಿಡಿಯುತ್ತದೆ. ತೆಳು ತಗಡು, ಮೃದು ಪ್ಲಾಸ್ಟಿಕ್‌ಗೆ ಸೂಕ್ತ.

2. ಥ್ರೆಡ್ ಕಟಿಂಗ್: ತುದಿಯಲ್ಲಿ ಒಂದು ಸೀಳು ಇರುತ್ತದೆ. ವಸ್ತುವನ್ನು ಕತ್ತರಿಸಿ ಪುಡಿ ತೆಗೆಯುತ್ತದೆ. ಒತ್ತಿದರೆ ಬಿರುಕು ಬಿಡುವ ಗಟ್ಟಿ ಪ್ಲಾಸ್ಟಿಕ್, ಎರಕದ ಲೋಹಗಳಿಗೆ ಬೇಕು.

3. ಸೆಲ್ಫ್ ಡ್ರಿಲ್ಲಿಂಗ್: ತುದಿಯೇ ಡ್ರಿಲ್ ಬಿಟ್‌ನಂತಿರುತ್ತದೆ. ಬೇರೆ ತೂತು ಬೇಡ. ಕಬ್ಬಿಣದ ಪೈಪಿನ ಮೇಲೆ ಶೀಟು ಹೊದಿಸಲು ಬಳಸುವುದು ಇದನ್ನೇ.

ನೆನಪಿಡಿ: ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗಳೆಲ್ಲ ಸೆಲ್ಫ್ ಟ್ಯಾಪಿಂಗ್, ಆದರೆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗಳೆಲ್ಲ ಸೆಲ್ಫ್ ಡ್ರಿಲ್ಲಿಂಗ್ ಅಲ್ಲ. ಉಳಿದವುಗಳಿಗೆ ಮೊದಲು ತೂತು ಕೊರೆಯಬೇಕು.

ತೂತು ಎಷ್ಟು ದೊಡ್ಡದು?

8 ನಂಬರ್ ಸ್ಕ್ರೂವಿನ ಹೊರ ವ್ಯಾಸ ಸುಮಾರು 4.2 ಮಿ.ಮೀ., ಥ್ರೆಡ್ ಬಿಟ್ಟು ಒಳಗಿನ ವ್ಯಾಸ ಸುಮಾರು 3.1 ಮಿ.ಮೀ. ತೂತು ಇವೆರಡರ ನಡುವೆ ಇರಬೇಕು. ತೀರಾ ಚಿಕ್ಕದಾದರೆ ಸ್ಕ್ರೂ ಮುರಿಯುತ್ತದೆ, ದೊಡ್ಡದಾದರೆ ಹಿಡಿತವೇ ಇರುವುದಿಲ್ಲ. ಸೆಲ್ಫ್ ಡ್ರಿಲ್ಲಿಂಗ್ ಆದರೆ ಅದರ ಡ್ರಿಲ್ ತುದಿ, ಜೋಡಿಸುವ ಲೋಹಗಳ ಒಟ್ಟು ದಪ್ಪಕ್ಕಿಂತ ಉದ್ದವಿರಬೇಕು. ಇಲ್ಲವಾದರೆ ತೂತು ಪೂರ್ತಿಯಾಗುವ ಮೊದಲೇ ಥ್ರೆಡ್ ಕಚ್ಚಿಕೊಂಡು ಸ್ಕ್ರೂ ಮುರಿಯಬಹುದು.

ಭೌತಶಾಸ್ತ್ರ ಏನು ಹೇಳುತ್ತದೆ?

ಸ್ಕ್ರೂ ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. 8 ನಂಬರ್ ಸ್ಕ್ರೂ ಒಂದು ಸುತ್ತಿಗೆ 1.4 ಮಿ.ಮೀ. ಒಳಗೆ ಹೋಗುತ್ತದೆ. ಸ್ಕ್ರೂಡ್ರೈವರ್ ಹಿಡಿಯ ತ್ರಿಜ್ಯ 15 ಮಿ.ಮೀ. ಎಂದುಕೊಳ್ಳಿ. ಒಂದು ಸುತ್ತಿಗೆ ಕೈ ಸಾಗುವ ದೂರ 2πr, ಅಂದರೆ ಸುಮಾರು 94 ಮಿ.ಮೀ. 94 ÷ 1.4 = ಸುಮಾರು 67. ಘರ್ಷಣೆ ಇಲ್ಲದಿದ್ದರೆ ನಿಮ್ಮ ಬಲ 67 ಪಟ್ಟಾಗುತ್ತಿತ್ತು! ಘರ್ಷಣೆ ಅದರ ಬಹುಪಾಲನ್ನು ನುಂಗುತ್ತದೆ ನಿಜ. ಆದರೆ ಬಿಗಿದ ಸ್ಕ್ರೂ ತಾನಾಗಿ ಸಡಿಲಗೊಳ್ಳದಿರುವುದೂ ಅದೇ ಘರ್ಷಣೆಯಿಂದ.

ರಸಾಯನಶಾಸ್ತ್ರ ಏನು ಹೇಳುತ್ತದೆ?

ಉಕ್ಕಿನ ಸ್ಕ್ರೂಗಳಿಗೆ ಸತುವಿನ ಲೇಪನ ಕೊಡುತ್ತಾರೆ. ಪ್ರಮಾಣಿತ ವಿದ್ಯುದ್ವಾರ ವಿಭವ ಸತುವಿಗೆ -0.76 ವೋಲ್ಟ್, ಕಬ್ಬಿಣಕ್ಕೆ -0.44 ವೋಲ್ಟ್. ಆದ್ದರಿಂದ ಸತುವು ಮೊದಲು ಎಲೆಕ್ಟ್ರಾನ್ ಕಳೆದುಕೊಂಡು ಕಬ್ಬಿಣವನ್ನು ಕಾಯುತ್ತದೆ. ಸತುವು ಮುಗಿದ ಮೇಲೆ ತುಕ್ಕು ಶುರು. ಸಮುದ್ರದ ಉಪ್ಪುಗಾಳಿಯಲ್ಲಿ ಇದು ಬೇಗ ಆಗುತ್ತದೆ. ಅಂಥಲ್ಲಿ ದಪ್ಪ ಲೇಪನದ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬೇಕು. ಜಿಪ್ಸಮ್ ಬೋರ್ಡಿಗೆ ಬಳಸುವ ಕಪ್ಪು ಸ್ಕ್ರೂಗಳನ್ನು ಮಳೆಗೆ ಒಡ್ಡಲೇಬಾರದು.

ಬಿಗಿಯುವಾಗ

ವಾಷರ್ ಅಂಚು ತುಸು ಉಬ್ಬಿದ ಕೂಡಲೇ ನಿಲ್ಲಿಸಿ. ಸಡಿಲವಾದರೆ ನೀರು ನುಗ್ಗುತ್ತದೆ, ಅತಿಯಾದರೆ ರಬ್ಬರ್ ಹರಿಯುತ್ತದೆ. ಹೆಚ್ಚು ಬಿಗಿದಷ್ಟೂ ಭದ್ರ ಎಂಬುದು ತಪ್ಪು ತಿಳಿವಳಿಕೆ.

ಮಾಡಿ ನೋಡಿ

ಹಳೆಯ ರಿಮೋಟ್ ಒಂದರ ಬ್ಯಾಟರಿ ತೆಗೆದು, ಸ್ಕ್ರೂ ಬಿಚ್ಚಿ. ಮರಳಿ ಹಾಕುವಾಗ ಮೊದಲು ಹಗುರವಾಗಿ ಹಿಮ್ಮುಖ ತಿರುಗಿಸಿ. ‘ಟಕ್’ ಎಂದು ಕುಳಿತ ಮೇಲೆ ಬಿಗಿಯಿರಿ. ಆಗ ಅದು ಹಳೆಯ ಥ್ರೆಡ್ಡಿನಲ್ಲೇ ಸಾಗುತ್ತದೆ. ನೇರವಾಗಿ ಒತ್ತಿ ತಿರುಗಿಸಿದರೆ ಹೊಸ ಥ್ರೆಡ್ ಕೊರೆದು ಪ್ಲಾಸ್ಟಿಕ್ ಸವೆಯುತ್ತದೆ.

ಮುಂದಿನ ಬಾರಿ ಅಂಗಡಿಯಲ್ಲಿ ಸುಮ್ಮನೆ “ಸ್ಕ್ರೂ ಕೊಡಿ” ಎನ್ನಬೇಡಿ. ಯಾವ ವಸ್ತುವಿಗೆ, ಎಷ್ಟು ದಪ್ಪಕ್ಕೆ, ಒಳಗೋ ಹೊರಗೋ ಎಂದು ಮೂರು ಮಾತು ಹೇಳಿ ಕೇಳಿ. ನಾನು ಈ ವರ್ಷ ಹಾಗೆ ಕೇಳಿಯೇ ತಂದೆ.