ಓದಿಗೆ ಅಡ್ಡಬರುವ ಸದ್ದು ಯಾವುದು?

ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ ಹೂಡಿ ಇಲಾಖೆಯ ಪರೀಕ್ಷೆಗೆ ಓದುವವರು “ಗದ್ದಲ ನಮಗೆ ರೂಢಿಯಾಗಿಬಿಟ್ಟಿದೆ” ಎನ್ನುವುದುಂಟು. ಕಿವಿಗೆ ರೂಢಿಯಾದೀತು, ಓದಿಗೂ ಆಗುವುದೆಂದು ನಂಬುವಂತಿಲ್ಲ.

ನ್ಯೂಯಾರ್ಕಿನ ಒಂದು ಪ್ರಾಥಮಿಕ ಶಾಲೆಯ ಪಕ್ಕದಲ್ಲೇ ಎತ್ತರದ ಕಂಬಗಳ ಮೇಲೆ ರೈಲು ಓಡುತ್ತಿತ್ತು. ಸುಮಾರು ನಾಲ್ಕೂವರೆ ನಿಮಿಷಕ್ಕೊಂದು ಗಾಡಿ. ಅದು ದಾಟುವ ಅರ್ಧ ನಿಮಿಷ ಶಿಕ್ಷಕರು ಕೂಗಬೇಕು, ಇಲ್ಲವೆ ಸುಮ್ಮನಿರಬೇಕು. ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾನ್‌ಜಾಫ್ಟ್ ಅವರು ಸಹೋದ್ಯೋಗಿಯೊಬ್ಬರೊಡನೆ 1975ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಳಿಯ ಕಡೆಯ ಕೊಠಡಿಗಳಲ್ಲಿದ್ದ ಆರನೆಯ ತರಗತಿಯ ಮಕ್ಕಳು ಅದೇ ಶಾಲೆಯ ಮರುಬದಿಯವರಿಗಿಂತ ವಾಚನದಲ್ಲಿ ಹತ್ತಿರಹತ್ತಿರ ಒಂದು ವರ್ಷ ಹಿಂದಿದ್ದರು. ಮುಂದೆ ಹಳಿಗಳಿಗೆ ರಬ್ಬರಿನ ಮೆತ್ತೆ ಕೊಟ್ಟು, ಕೊಠಡಿಗಳ ಛಾವಣಿಗೆ ಸದ್ದು ಹೀರುವ ಹಲಗೆ ಹೊಡೆಸಿದರು. 1981ರ ವರದಿಯಲ್ಲಿ ಎರಡೂ ಬದಿಯ ಮಕ್ಕಳು ಸರಿಸಮ! ಹಿಂದೆ ಬಿದ್ದವರು ದಡ್ಡರಾಗಿರಲಿಲ್ಲ.

ಆದರೆ ಜೋರಾದ ಸದ್ದೊಂದೇ ಕೆಡುಕಲ್ಲ. ಅಂಕಿಗಳನ್ನು ಅನುಕ್ರಮವಾಗಿ ನೆನಪಿಡುವಾಗ ಪಕ್ಕದಲ್ಲಿ ಮೆಲ್ಲಗೆ ಮಾತು ಕೇಳಿಸಿದರೂ ತಪ್ಪು ಹೆಚ್ಚುತ್ತದೆ, ಅದು ತಿಳಿಯದ ಭಾಷೆಯಾದರೂ ಸರಿ. ಫ್ಯಾನಿನ ಏಕನಾದ ಅಷ್ಟು ಕೆಡಿಸದು. ಓದಿದ್ದನ್ನು ಅರ್ಥಮಾಡಿಕೊಳ್ಳುವಾಗಲಂತೂ ತಿಳಿಯುವ ಮಾತೇ ಮನಸ್ಸನ್ನು ಹೆಚ್ಚು ಸೆಳೆಯುತ್ತದೆ. ನೆರೆಮನೆಯ ಜಗಳ ಕನ್ನಡದಲ್ಲಿದ್ದರೆ ಕೇಳಬೇಕೆ!

ಆದ್ದರಿಂದ ನಿಯಮಗಳ ಕ್ರಮ, ಅಂಕಿ-ಅಂಶ ಮುಂತಾದ ಬಾಯಿಪಾಠವನ್ನು ನಸುಕಿನಲ್ಲೋ ವಾಚನಾಲಯದಲ್ಲೋ ಇಟ್ಟುಕೊಳ್ಳಿ. ಟಿಪ್ಪಣಿಯ ಶುದ್ಧಪ್ರತಿ ತೆಗೆಯುವುದು ಸಂಜೆಯ ಗಲಾಟೆಯಲ್ಲೂ ಸಾಗೀತು. ಮನೆಯಲ್ಲಿ ಮಕ್ಕಳು ಓದುತ್ತಿದ್ದರೆ ಟಿ.ವಿ.ಯ ದನಿ ತಗ್ಗಿಸಿದರೆ ಸಾಲದು, ಆರಿಸಬೇಕು.