ಮಗಳ ಬ್ಯಾಗಿನಲ್ಲಿ ಏನಿರಬೇಕು?

ಪ್ರಶ್ನೆ: ಮಗಳು ದಿನಾ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗಿಬರುತ್ತಾಳೆ. ಅತ್ಯಾಚಾರ ತಡೆಯುವ ಚಪ್ಪಲಿ, ಒಳಉಡುಪು ಬಂದಿವೆಯಂತೆ. ನಮ್ಮ ಕಡೆ ಸಿಗುತ್ತವೆಯೇ? ಕೊಡಿಸಬಹುದೇ?
– ಓದುಗರೊಬ್ಬರು, ನ್ಯಾಮತಿ

ಉತ್ತರ: ಆ ಚಪ್ಪಲಿ ನಮ್ಮ ಕಲಬುರಗಿಯದೇ ಇರಬೇಕು. 2022ರಲ್ಲಿ ಅಲ್ಲಿನ ಹತ್ತನೇ ತರಗತಿಯ ಹುಡುಗಿಯೊಬ್ಬಳು ಮಾಡಿದ್ದು. ಒದ್ದರೆ ಎದುರಿಗಿದ್ದವನಿಗೆ ಶಾಕ್ ಹೊಡೆಯುತ್ತದೆ, ಮನೆಯವರ ಮೊಬೈಲಿಗೆ ಲೊಕೇಶನ್ ಹೋಗುತ್ತದೆ. ಶಾಕ್ ಕೊಡುವ ಒಳಉಡುಪನ್ನು 2013ರಲ್ಲಿ ಚೆನ್ನೈನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೂಪಿಸಿದ್ದರು. ಆ ಹುಡುಗಿಯ ಜಾಣ್ಮೆಗೆ ಶಹಬ್ಬಾಸ್ ಅನ್ನಲೇಬೇಕು. ಆದರೆ ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಅಂಗಡಿಗೆ ಹೋಗಿ ಕೇಳಿ ತರುವ ವಸ್ತುಗಳಲ್ಲ ಇವು. ಸಿಕ್ಕರೂ ದಿನಾ ಚಾರ್ಜ್ ಮಾಡಬೇಕು, ಮಳೆಗಾಲದ ಕೆಸರಿನಲ್ಲಿ ಕೆಡದಂತೆ ನೋಡಿಕೊಳ್ಳಬೇಕು.

ಕೈಗೆಟುಕುವುದು ಪೆಪ್ಪರ್ ಸ್ಪ್ರೇ. ಕೆಲವು ನೂರು ರೂಪಾಯಿಗೆ ಆನ್‌ಲೈನಿನಲ್ಲಿ ತರಿಸಬಹುದು. ಬ್ಯಾಗಿನ ತಳದಲ್ಲಿ, ಊಟದ ಡಬ್ಬಿಯ ಕೆಳಗೆ ಬಿದ್ದಿದ್ದರೆ ಉಪಯೋಗವಿಲ್ಲ. ಪಕ್ಕದ ಜೇಬಿನಲ್ಲಿರಲಿ. ಹೆಬ್ಬೆರಳಲ್ಲಿ ಲಾಕ್ ತಿರುಗಿಸುವುದನ್ನು ನೋಡದೆಯೇ ಮಾಡುವಷ್ಟು ರೂಢಿಯಾಗಲಿ. ಗಾಳಿಗೆ ಎದುರಾಗಿ ಹೊಡೆದರೆ ಅವಳ ಕಣ್ಣೇ ಉರಿಯುತ್ತದೆ. ಡಬ್ಬಿಯ ಮೇಲಿನ ಅವಧಿಯನ್ನೂ ನೋಡಿ. ಇದು ಜಗಳಕ್ಕೆ ಬಳಸುವ ವಸ್ತುವಲ್ಲ: ತಕ್ಷಣದ ಅಪಾಯವಿಲ್ಲದೆ ಸ್ಪ್ರೇ ಹೊಡೆದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2024ರಲ್ಲಿ ಕೇಸ್ ರದ್ದು ಮಾಡಲು ಒಪ್ಪಲಿಲ್ಲ.

ನನ್ನನ್ನು ಹೆಚ್ಚು ಕಾಡುವ ಮಾತು ಬೇರೆ. ಈ ಸಾಧನಗಳೆಲ್ಲ ಕತ್ತಲಲ್ಲಿ ಎದುರಾಗುವ ಅಪರಿಚಿತನನ್ನು ನೆನೆದು ಮಾಡಿದವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ದಾಖಲಾದ 31,677 ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 96ರಲ್ಲಿ ಆರೋಪಿ ಗುರುತಿನವನೇ. ನೆಂಟ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವ. ಚನ್ನಗಿರಿಯ ತೋಟದ ಮನೆಯಲ್ಲಿ ಅಡಿಕೆ ಸುಲಿಯಲು ಕೂತವಳು, ಜಗಳೂರಿನ ಹೊಲದಲ್ಲಿ ಮೆಕ್ಕೆಜೋಳ ಮುರಿಯುವವಳು ಮಾಲೀಕನ ಎದುರು ಶಾಕ್ ಚಪ್ಪಲಿ ಹಾಕಿಕೊಂಡಿರುತ್ತಾಳೆಯೇ? ಮನೆಗೆ ಬಂದ ಮಾವನ ವಿಷಯ ಹೇಳಿದರೆ ಅಪ್ಪ ಅಮ್ಮ ನಂಬುತ್ತಾರೆ ಎಂಬ ಧೈರ್ಯ ಮಗಳಿಗಿದೆಯೇ? ದಯವಿಟ್ಟು ಮೊದಲು ಅದನ್ನು ಕೊಡಿ.

ಮೊಬೈಲಿನಲ್ಲಿ ತುರ್ತು ಸಹಾಯದ 112 ಇದೆ. ಕರೆಗೆ ಇಂಟರ್ನೆಟ್ ಬೇಡ, ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಆ್ಯಪ್‌ಗಿಂತ ಇದನ್ನೇ ನಂಬುತ್ತೇನೆ. ಪ್ಯಾನಿಕ್ ಬಟನ್ ನಿಯಮ ಬಂದ 2017ರ ನಂತರದ ಕೀಪ್ಯಾಡ್ ಫೋನಾದರೆ 5 ಅಥವಾ 9 ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನಾದರೆ ಪವರ್ ಬಟನ್ ಎಷ್ಟು ಸಲ ಒತ್ತಬೇಕೆಂದು ಸೆಟ್ಟಿಂಗ್ಸ್‌ನಲ್ಲಿ ಅವಳ ಜೊತೆ ಕೂತು ನೋಡಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.

ಅಕಸ್ಮಾತ್ ಅನಾಹುತವಾದರೆ, ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಯವರು ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ವೈದ್ಯರ ತಪಾಸಣೆ ಆಗುವವರೆಗೆ ಸ್ನಾನ ಬೇಡ, ಬಟ್ಟೆ ಒಗೆಯುವುದು ಬೇಡ. ಬಟ್ಟೆಯನ್ನು ಪ್ಲಾಸ್ಟಿಕ್ ಬಿಟ್ಟು ಕಾಗದದಲ್ಲಿ ಸುತ್ತಿಡಿ. ಅವಳು ಹೆದರಿ ಕೈಯೆತ್ತದೇ ಇದ್ದಿರಬಹುದು, ಸ್ಪ್ರೇ ಬ್ಯಾಗಿನಲ್ಲೇ ಉಳಿದಿರಬಹುದು. ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಗೆ ಎನ್ನುವಂತಿಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಸ್ಪಷ್ಟವಾಗಿ ಹೇಳಿದೆ. ಇದನ್ನು ಮಗಳಿಗೆ ಇವತ್ತೇ ಹೇಳಿಡಿ.